ಚಂದ್ರನ ನೆಲಕ್ಕೆ ಹದ್ದುಬಸ್ತು

ಆರ್ಬಿಟರ್ ಸಿಮ್ಯುಲೇಟರಿಗೆ ಚಂದ್ರನ ನೆಲೆಗಳನ್ನೂ ಗುರುತುಗಳನ್ನೂ ಬರೆದು ಹಂಚುತ್ತಿರುವ ಆಡ್‌-ಆನ್ ಬಳಗಕ್ಕೆ ಒಂದು ಬಹಿರಂಗ ಪತ್ರ



ಮಾರ್ಟಿನ್ ಶ್ವೈಗರ್ 2000ನೇ ಇಸವಿಯಲ್ಲಿ ಆರ್ಬಿಟರನ್ನು ಹೊರತಂದಾಗ ಅದರ ಚಂದ್ರ ಒಂದು ನುಣುಪು ಗೋಳ. ಬೆಟ್ಟ, ಕುಳಿ, ಕಂದರಗಳೆಲ್ಲ ಗೋಳಕ್ಕೆ ಸುತ್ತಿದ ಚಿತ್ರದಲ್ಲಿದ್ದವೇ ಹೊರತು ನೆಲದಲ್ಲಿ ಇರಲಿಲ್ಲ. ಅಂಥ ಚಂದ್ರನ ಮೇಲೆ ಅಪೊಲೊ 11ರ ಗುರುತು ಒಂದೆರಡು ಕಿಲೋಮೀಟರು ಆಚೀಚೆ ಆಗಿದ್ದರೂ ಯಾರೂ ತಕರಾರು ಎತ್ತುವಂತಿರಲಿಲ್ಲ. ಎಲ್ಲಿ ಇಳಿದರೂ ಅದೇ ಸಪಾಟು. 2016ರ ಆವೃತ್ತಿಯಲ್ಲಿ ನೆಲಕ್ಕೆ ಅಳತೆಗೆ ತಕ್ಕ ಏರುತಗ್ಗು ಬಂತು. 2021ರಲ್ಲಿ ಇಡೀ ಮೂಲಸಂಕೇತ ಎಂಐಟಿ ಪರವಾನಗಿಯಡಿ ಎಲ್ಲರಿಗೂ ತೆರೆದುಕೊಂಡಿತು. ನೆಲ ಹೊಸದಾಯಿತು, ತಿದ್ದುವ ಅಧಿಕಾರವೂ ಕೈಗೆ ಬಂತು. ಆದರೆ ಆಡ್‌-ಆನ್‌ನಿಂದ ಆಡ್‌-ಆನ್‌ಗೆ ನಕಲಾಗುತ್ತ ಬಂದ ಅಂಕಿಗಳು ಹಳೆಯವೇ ಉಳಿದಿವೆ. ಅವನ್ನು ತಿದ್ದಬೇಕು ಎನ್ನುವುದರಲ್ಲಿ ನಿಮ್ಮಲ್ಲಿ ಬಹಳ ಜನಕ್ಕೆ ಭಿನ್ನಾಭಿಪ್ರಾಯ ಇರಲಾರದು. ಯಾವುದಕ್ಕೆ ಹೊಂದಿಸಿ ತಿದ್ದಬೇಕು ಎನ್ನುವುದರಲ್ಲಿ ಗೊಂದಲವಿದೆ. ನನ್ನ ವಾದ ಇಷ್ಟು: ಗುರುತನ್ನು ಸಿಮ್ಯುಲೇಟರಿನ ನೆಲದಲ್ಲಿ ಕಾಣುವ ಕುಳಿಗಳಿಗೆ ಹೊಂದಿಸಿ, ಹಾರಾಟದ ಫಲಿತಾಂಶಕ್ಕೂ ಬೇಡ, ಯಾವುದೋ ಹಳೆಯ ಪಟ್ಟಿಯ ಅಂಕಿಗೂ ಬೇಡ.

ಇದಕ್ಕೆ ಅಪೊಲೊ 11ಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಅದರ ಲ್ಯಾಂಡರ್ ಈಗಲ್ ಇಳಿಯಬೇಕಿದ್ದ ಗುರಿ 0°42′50″ ಉತ್ತರ, 23°42′28″ ಪೂರ್ವ. ಇಳಿದದ್ದು ಅದಕ್ಕಿಂತ ಸುಮಾರು ಏಳು ಕಿಲೋಮೀಟರು ಪಶ್ಚಿಮಕ್ಕೆ. ಇಳಿದ ಮೇಲೂ ಅದು ಎಲ್ಲಿದೆ ಎಂಬುದು ಹ್ಯೂಸ್ಟನ್‌ಗೆ ಸರಿಯಾಗಿ ತಿಳಿಯಲಿಲ್ಲ. ಮೇಲೆ ಸುತ್ತುತ್ತಿದ್ದ ಮೈಕೆಲ್ ಕಾಲಿನ್ಸ್ ಪ್ರತಿ ಸುತ್ತಿನಲ್ಲೂ ಭೂಮಿಯಿಂದ ಸೂಚಿಸಿದ ಹೊಸ ಹೊಸ ಜಾಗಗಳತ್ತ ಸೆಕ್ಸ್‌ಟೆಂಟ್ ತಿರುಗಿಸಿ ಹುಡುಕಿದರು. ಕೊನೆಗೂ ಈಗಲ್ ಅವರ ಕಣ್ಣಿಗೆ ಬೀಳಲೇ ಇಲ್ಲ. ಗೊಂದಲ ತಿಳಿಯಾದದ್ದು ನೌಕೆಯ ಕಿಟಕಿಯಿಂದ ತೆಗೆದ ಹದಿನಾರು ಮಿಲಿಮೀಟರ್ ಫಿಲ್ಮಿನ ಕುಳಿಗಳನ್ನೂ ಯಾತ್ರಿಗಳ ವರ್ಣನೆಯನ್ನೂ ನಕ್ಷೆಯ ಕುಳಿಗಳೊಂದಿಗೆ ಹೋಲಿಸಿ ನೋಡಿದಾಗ. ಹಾಗೆ ಸಿಕ್ಕ ಜಾಗಕ್ಕೆ ನಾಸಾದ ವರದಿ 1967ರ ಒಂದು ನಕ್ಷೆಯನ್ನು ಆಧರಿಸಿ ಕೊಟ್ಟ ಅಂಕಿ 0°41′15″ ಉತ್ತರ, 23°26′ ಪೂರ್ವ. ಈಗ ಲೂನಾರ್ ರಿಕನೈಸನ್ಸ್ ಆರ್ಬಿಟರ್, ಅಂದರೆ ಎಲ್ಆರ್‌ಒ, ತೆಗೆದ ಚಿತ್ರಗಳಲ್ಲಿ ಅದೇ ಲ್ಯಾಂಡರಿನ ಬುಡಭಾಗ ನೆರಳಿನ ಸಮೇತ ಕಾಣುತ್ತದೆ. ಅದರ ಅಂಕಿ 0.67416 ಉತ್ತರ, 23.47314 ಪೂರ್ವ. ಚಂದ್ರನ ಮಧ್ಯರೇಖೆಯಲ್ಲಿ ಒಂದು ಡಿಗ್ರಿ ಎಂದರೆ 30.3 ಕಿಲೋಮೀಟರು. ಲೆಕ್ಕ ಹಾಕಿದರೆ ಎರಡು ಅಂಕಿಗಳ ನಡುವೆ ಒಂದೂಕಾಲು ಕಿಲೋಮೀಟರಿನ ಅಂತರ ಬರುತ್ತದೆ. ಹಾಗಾದರೆ 1969ರವರು ಜಾಗವನ್ನೇ ತಪ್ಪಾಗಿ ಗುರುತಿಸಿದ್ದರೇ? ಇಲ್ಲ. ಯಾವ ಕುಳಿಗಳ ನಡುವೆ ಎಂದು ಹೇಳಿದ್ದು ಸರಿಯಾಗಿಯೇ ಇತ್ತು. ಆ ಕುಳಿಗಳ ಮೇಲೆ ಎಳೆದಿದ್ದ ಗೆರೆಗಳ ಜಾಲ ಅಷ್ಟು ದೂರ ಸರಿದಿತ್ತು. ಜಾಗ ಕುಳಿಗಳಿಗೆ ಸೇರಿದ್ದು, ಅಂಕಿ ನಕ್ಷೆಗೆ ಸೇರಿದ್ದು. ಹಳೆಯ ಜಾಲದ ಅಂಕಿಯನ್ನು ಹೊಸ ನೆಲದ ಮೇಲೆ ನೆಟ್ಟರೆ ನೀವು ತೋರಿಸುವುದು ಯಾರೂ ಕಾಲಿಡದ ಇನ್ನೊಂದು ಜಾಗವನ್ನು.

ಇದು ಒಂದು ಯಾನದ ಕಥೆಯಷ್ಟೇ ಅಲ್ಲ. 1967ರ ಏಪ್ರಿಲ್‌ನಲ್ಲಿ ಇಳಿದ ಸರ್ವೇಯರ್ 3 ನೌಕೆ ಎಲ್ಲಿದೆ ಎಂದು ಪತ್ತೆಹಚ್ಚಿದವರು ಈವನ್ ವಿಟೇಕರ್. ಸರ್ವೇಯರ್ ಕಳಿಸಿದ ಚಿತ್ರಗಳ ಕುಳಿ ಬಂಡೆಗಳನ್ನು ಆಗಿನ ಲೂನಾರ್ ಆರ್ಬಿಟರ್ ನೌಕೆಯ ಚಿತ್ರದಲ್ಲಿ ಹುಡುಕಿ ಹೊಂದಿಸಿ. ಆ ಗುರುತಿನ ಮೇಲೆ ಭರವಸೆಯಿಟ್ಟೇ ಎರಡೂವರೆ ವರ್ಷಗಳ ನಂತರ ಅಪೊಲೊ 12 ಹೊರಟದ್ದು. ಪೀಟ್ ಕಾನ್ರಡ್ ನೌಕೆಯನ್ನು ಸರ್ವೇಯರಿಗೆ ಸುಮಾರು 160 ಮೀಟರ್ ಹತ್ತಿರ ಇಳಿಸಿದರು. ಸೋವಿಯತ್ ಒಕ್ಕೂಟದ ಲುನೋಖೋದ್ 1ರ ಬೆನ್ನ ಮೇಲಿದ್ದ ಲೇಸರ್ ಪ್ರತಿಫಲಕ ದಶಕಗಳ ಕಾಲ ಕೈಗೆ ಸಿಗದೇ ಹೋಗಿತ್ತು, ಕಾರಣ ಹುಡುಕುತ್ತಿದ್ದವರು ನಂಬಿದ್ದ ಅಂಕಿ ಕಿಲೋಮೀಟರುಗಟ್ಟಲೆ ತಪ್ಪಿತ್ತು. 2010ರ ಮಾರ್ಚ್‌ನಲ್ಲಿ ಎಲ್ಆರ್‌ಒ ಚಿತ್ರಗಳಲ್ಲಿ ಆ ಗಾಡಿ ಕಂಡಿತು. ಏಪ್ರಿಲ್ 22ರಂದು ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್‌ನಿಂದ ಬಿಟ್ಟ ಲೇಸರ್ ಕಿರಣ ಅದಕ್ಕೆ ತಾಗಿ ಮರಳಿತು. ಮೂರೂ ಸಲ ಕ್ರಮ ಒಂದೇ: ಮೊದಲು ನೆಲದ ಚಿತ್ರ, ಆಮೇಲೆ ಅಂಕಿ. ನಾವು ಸಿಮ್ಯುಲೇಟರಿನಲ್ಲಿ ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಅಂಕಿಯನ್ನು ಮೊದಲು ತುಂಬುತ್ತೇವೆ; ಅದು ನೆಲದ ಮೇಲೆ ಎಲ್ಲಿ ಕೂತಿತು ಎಂದು ಬಗ್ಗಿ ನೋಡುವವರು ಕಡಿಮೆ.

ಅಂಕಿ ಕೆಡುವ ದಾರಿಗಳನ್ನು ಸ್ವಲ್ಪ ವಿವರವಾಗಿಯೇ ನೋಡೋಣ, ಯಾಕೆಂದರೆ ಎಲ್ಲ ತಪ್ಪುಗಳೂ ಒಂದೇ ಜಾತಿಯವಲ್ಲ. ಆರ್ಬಿಟರಿನ ಫೈಲುಗಳಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಬಾಹ್ಯಾಕಾಶ ಸಂಸ್ಥೆಗಳ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಅಕ್ಷಾಂಶವೇ ಮುಂದೆ. ಅಪೊಲೊ 15ರ 26.13 ಉತ್ತರ, 3.63 ಪೂರ್ವವನ್ನು ಅದಲುಬದಲು ಮಾಡಿದರೆ ಹ್ಯಾಡ್ಲಿಯ ಬೆಟ್ಟಗಳ ಬದಲು ಟ್ರಾಂಕ್ವಿಲಿಟಿ ಸಮುದ್ರದ ಬಯಲು ಸಿಗುತ್ತದೆ. ಇಳಿಯಲು ಎಷ್ಟು ಚೆನ್ನಾದ ಜಾಗವೆಂದರೆ ಯಾರಿಗೂ ಅನುಮಾನವೇ ಬಾರದು. ಪಶ್ಚಿಮ ರೇಖಾಂಶಕ್ಕೆ ಋಣಚಿಹ್ನೆ ಬಿಟ್ಟುಹೋದರೆ ಅಪೊಲೊ 12 ನೆಗೆದು ಬಂದು ಅಪೊಲೊ 11ರ ದಕ್ಷಿಣಕ್ಕೆ ನೂರಹತ್ತು ಕಿಲೋಮೀಟರಿನಲ್ಲಿ ಕೂರುತ್ತದೆ. 0°41′15″ ಅನ್ನು ದಶಮಾಂಶಕ್ಕೆ ತಿರುಗಿಸದೆ 0.4115 ಎಂದು ಬರೆದರೆ ಎಂಟು ಕಿಲೋಮೀಟರಿಗೂ ಹೆಚ್ಚು ತಪ್ಪು. ಇನ್ನೂ ಹಳೆಯ ನಕ್ಷೆಗಳನ್ನು ಮುಟ್ಟುವವರಿಗೆ ಬೇರೆ ಬಲೆಯಿದೆ. ಭೂಮಿಯಿಂದ ನೋಡುವವನ ದಿಕ್ಕನ್ನೇ ಚಂದ್ರನಿಗೂ ಹೇಳುತ್ತಿದ್ದ ಪದ್ಧತಿಯನ್ನು 1961ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ತಿರುಗಿಸಿತು. ಅಂದಿನಿಂದ ಪೂರ್ವ ಪಶ್ಚಿಮವಾಯಿತು, ಪಶ್ಚಿಮ ಪೂರ್ವವಾಯಿತು. ‘ಪೂರ್ವದ ಸಮುದ್ರ’ ಎಂಬ ಅರ್ಥದ ಹೆಸರು ಹೊತ್ತ ಮಾರೆ ಒರಿಯೆಂಟಾಲೆ ಇವತ್ತು ಚಂದ್ರನ ಪಶ್ಚಿಮ ಅಂಚಿನಲ್ಲಿ ಇರುವುದು ಇದರಿಂದಲೇ.

ಅಪೊಲೊ ದಾಖಲೆಗಳಿಂದಲೇ ನೇರವಾಗಿ ಅಂಕಿ ತೆಗೆಯುವವರು ನಿಮ್ಮಲ್ಲಿದ್ದೀರಿ. ಅದು ಮೆಚ್ಚತಕ್ಕ ಶ್ರಮ. ಅಪಾಯ ಅಲ್ಲೂ ಉಂಟು. ಕಕ್ಷೆಯಿಂದ ನೆಲದ ಗುರುತು ನೋಡಿ ನೌಕೆಯ ಸ್ಥಾನ ಲೆಕ್ಕ ಹಾಕುವ ಪಿ22 ಎಂಬ ಕಾರ್ಯಕ್ರಮ ಅಪೊಲೊದ ಗಣಕದಲ್ಲಿತ್ತು. ಗುರುತಿನ ವಿವರ ತುಂಬುತ್ತಿದ್ದದ್ದು ನೌನ್ 89 ಎಂಬ ಸಂಖ್ಯಾಸಂಕೇತದಡಿ: ಮೊದಲ ಸಾಲಿನಲ್ಲಿ ಅಕ್ಷಾಂಶ, ಎರಡನೆಯದರಲ್ಲಿ ರೇಖಾಂಶದ ಅರ್ಧ, ಮೂರನೆಯದರಲ್ಲಿ ನಾಟಿಕಲ್ ಮೈಲಿಗಳಲ್ಲಿ ಎತ್ತರ. ಅರ್ಧ ಯಾಕೆಂದರೆ ತೆರೆಯಲ್ಲಿ ಐದೇ ಅಂಕಿಗಳಿಗೆ ಜಾಗ, ಅದರಲ್ಲಿ ಮೂರು ದಶಮಾಂಶಕ್ಕೆ ಮೀಸಲು, 99.999 ದಾಟುವ ರೇಖಾಂಶವನ್ನು ಇಡಿಯಾಗಿ ಬರೆಯಲಾಗದು. ಈ ವಿವರ ತಿಳಿಯದೆ ಯಾತ್ರಿಗಳ ಕೈಪಿಡಿಯ ಅಂಕಿಯನ್ನು ಇದ್ದಂತೆಯೇ ನಕಲಿಸಿದವರ ಗುರುತು ನೂರಾರು ಕಿಲೋಮೀಟರು ಸರಿದು ಕೂರುತ್ತದೆ. ಇಷ್ಟು ದೊಡ್ಡ ತಪ್ಪಾದರೆ ಹೇಗೂ ಬೇಗ ಸಿಕ್ಕಿಬೀಳುತ್ತದೆ. ಸಿಕ್ಕದೆ ಉಳಿಯುವುದು ಸಣ್ಣದು: ರೇಖಾಂಶವನ್ನು ಅರ್ಧ ಮಾಡಿ ಮೂರು ದಶಮಾಂಶಕ್ಕೆ ಕತ್ತರಿಸಿದ್ದರಿಂದ ಅದರ ಅತಿ ಸಣ್ಣ ಹೆಜ್ಜೆಯೇ ಅರವತ್ತು ಮೀಟರ್. ಅಂಥ ಅಂಕಿಗೆ ಸೊನ್ನೆ ಸೇರಿಸಿ ಆರು ದಶಮಾಂಶ ಮಾಡಿದರೆ ಮೂರು ಸೆಂಟಿಮೀಟರಿನ ನಿಖರತೆ ಬಂದಂತೆ ಕಾಣುತ್ತದೆ, ಬಂದಿರುವುದಿಲ್ಲ.

ಅದೇ ನೌನ್‌ನ ಮೂರನೆಯ ಸಾಲು, ಎತ್ತರ, ನುಣುಪು ಗೋಳದ ಕಾಲದಲ್ಲಿ ಯಾರಿಗೂ ಬೇಕಿರಲಿಲ್ಲ. ಈಗ ಬೇಕು. ಅಪೊಲೊ ಗಣಕ ಚಂದ್ರನ ತ್ರಿಜ್ಯವನ್ನು 1738.09 ಕಿಲೋಮೀಟರ್ ಎಂದು ಹಿಡಿದಿತ್ತು. ಇವತ್ತಿನ ನಕ್ಷೆಗಳು 1737.4 ಎನ್ನುತ್ತವೆ. ಈಗಲ್ ಇಳಿದ ಜಾಗವಾದರೋ ಚಂದ್ರನ ಕೇಂದ್ರದಿಂದ ಸುಮಾರು 1735.5 ಕಿಲೋಮೀಟರ್ ದೂರದಲ್ಲಿದೆ. ಹಳೆಯ ಗೋಳದ ಲೆಕ್ಕದಲ್ಲಿ ಇಟ್ಟ ಕಟ್ಟಡ ಹೊಸ ನೆಲದ ಮೇಲೆ ಎರಡೂವರೆ ಕಿಲೋಮೀಟರು ಗಾಳಿಯಲ್ಲಿ, ಗಾಳಿಯಿಲ್ಲದ ಲೋಕದಲ್ಲಿ, ತೇಲಬೇಕಾಗುತ್ತದೆ. ಗುರುತಿನ ಎತ್ತರವನ್ನು ಕೈಯಿಂದ ಬರೆಯದೆ ಸಿಮ್ಯುಲೇಟರಿನ ನೆಲದಿಂದಲೇ ಓದಿಕೊಳ್ಳುವುದು ಇದಕ್ಕೆ ಪರಿಹಾರ. ಇಲ್ಲಿ ವಾದಕ್ಕೆ ಜಾಗವಿದೆ ಎಂದು ನನಗನಿಸುವುದಿಲ್ಲ.

ವಾದವಿರುವುದು ಚೌಕಟ್ಟಿನ ಬಗ್ಗೆ. ಚಂದ್ರನ ಮೇಲೆ ಅಕ್ಷಾಂಶ ರೇಖಾಂಶ ಎಣಿಸಲು ಎರಡು ಚೌಕಟ್ಟುಗಳು ಚಾಲ್ತಿಯಲ್ಲಿವೆ. ಒಂದು, ಭೂಮಿಯ ಸರಾಸರಿ ದಿಕ್ಕನ್ನೂ ಚಂದ್ರನ ಸರಾಸರಿ ಅಕ್ಷವನ್ನೂ ಆಧಾರ ಮಾಡಿಕೊಂಡದ್ದು. ನಕ್ಷೆ ಮಾಡುವವರು, ಎಲ್ಆರ್‌ಒ ತಂಡದವರು ಬಳಸುವುದು ಇದನ್ನು. ಇನ್ನೊಂದು, ಚಂದ್ರನ ದ್ರವ್ಯ ಹಂಚಿಕೆಯಿಂದ ಹುಟ್ಟುವ ಮುಖ್ಯ ಅಕ್ಷಗಳದ್ದು. ಲೇಸರ್ ಅಳತೆಯಿಂದ ಚಂದ್ರನ ಚಲನೆ ಲೆಕ್ಕ ಹಾಕುವವರಿಗೆ ಇದು ಅನುಕೂಲ. ಎರಡೂ ಸರಿ. ಆದರೆ ಒಂದೇ ಬಂಡೆಗೆ ಇವೆರಡು ಕೊಡುವ ಅಂಕಿಗಳ ನಡುವೆ ನೆಲದ ಮೇಲೆ ಸುಮಾರು 860 ಮೀಟರಿನವರೆಗೂ ವ್ಯತ್ಯಾಸ ಬರುತ್ತದೆ. ಗ್ರಹಗತಿಯ ಕೋಷ್ಟಕಗಳಿಂದ ಚಂದ್ರನನ್ನು ತಿರುಗಿಸುವ ಸಿಮ್ಯುಲೇಟರು ಎರಡನೆಯ ಚೌಕಟ್ಟಿನಲ್ಲಿದ್ದು, ಅದರ ಮೇಲೆ ಹೊದಿಸಿದ ಚಿತ್ರ ಮೊದಲನೆಯದರಲ್ಲಿದ್ದರೆ, ಎಲ್ಲ ಗುರುತುಗಳೂ ಒಂದೇ ದಿಕ್ಕಿಗೆ ಸರಿದಂತೆ ಭಾಸವಾಗುತ್ತದೆ. ಸಾಲದ್ದಕ್ಕೆ ಚಂದ್ರ ತನ್ನ ಅಕ್ಷದ ಮೇಲೆ ಒಂದೇ ಲಯದಲ್ಲಿ ತಿರುಗುವುದೂ ಇಲ್ಲ, ಸ್ವಲ್ಪ ತೂಗಾಡುತ್ತದೆ. ಆ ತೂಗಾಟವನ್ನು ಲೆಕ್ಕಕ್ಕೆ ಹಿಡಿಯದ ಸಿಮ್ಯುಲೇಟರಿನಲ್ಲಿ ಕಕ್ಷೆಯಿಂದ ನೋಡಿದ ನೆಲ ನೂರಾರು ಮೀಟರ್ ಆಚೀಚೆ ಆಗಬಹುದು.

ಇಂಥ ಹೊತ್ತಿನಲ್ಲಿಯೇ ಕೈ ತಪ್ಪು ಕೆಲಸಕ್ಕೆ ಹೋಗುವುದು. ನೌಕೆ ಲೆಕ್ಕದ ಪ್ರಕಾರ ಬಂದರೂ ಗುರುತು ಎಂಟುನೂರು ಮೀಟರ್ ದೂರ ಕಾಣುತ್ತದೆ. ಗುರುತಿನ ರೇಖಾಂಶವನ್ನು 0.027 ಡಿಗ್ರಿ ಬದಲಿಸಿದರೆ ಎಲ್ಲ ಕೂಡಿಬರುತ್ತದೆ, ಬದಲಿಸಿ ಹಂಚಿಬಿಡುತ್ತೇವೆ. ಜಮೀನು ಪಹಣಿಗೆ ತಾಳೆಯಾಗಲಿಲ್ಲವೆಂದು ರಾತ್ರೋರಾತ್ರಿ ಬಾಂದುಕಲ್ಲು ಕಿತ್ತು ನೆಡುವುದಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ. ಆ ಹೊತ್ತಿಗೆ ಲೆಕ್ಕ ಸರಿಹೋಗುತ್ತದೆ, ಆದರೆ ಪಕ್ಕದ ಜಮೀನಿನವನು ಅಳತೆ ಶುರುಮಾಡುವುದು ಆ ಕಲ್ಲಿನಿಂದಲೇ. ಚಂದ್ರನ ತಿರುಗುವಿಕೆಯಲ್ಲಿರುವ ದೋಷವನ್ನು ಗುರುತಿನಲ್ಲಿ ಮುಚ್ಚಿಟ್ಟರೆ, ನಾಳೆ ಯಾರಾದರೂ ತಿರುಗುವಿಕೆಯನ್ನು ಸರಿಪಡಿಸಿದ ದಿನ ನಿಮ್ಮ ಗುರುತುಗಳೆಲ್ಲ ಒಟ್ಟಿಗೆ ತಪ್ಪಾಗುತ್ತವೆ. ಯಾಕೆ ತಪ್ಪಾದವು ಎನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ನೆಲ ಮತ್ತು ಗುರುತು ಎರಡೂ ಒಂದೇ ಗೋಳದ ಜೊತೆ ತಿರುಗುವವು. ಗೋಳ ಎಷ್ಟೇ ತಪ್ಪಾಗಿ ತಿರುಗಲಿ, ಅವುಗಳ ಪರಸ್ಪರ ಸಂಬಂಧ ಕೆಡುವುದಿಲ್ಲ. ಆದ್ದರಿಂದ ಗುರುತಿನ ಪರೀಕ್ಷೆ ನೆಲದ ಮೇಲೆಯೇ ನಡೆಯಬೇಕು. ಅಪೊಲೊ 11ರ ಗುರುತಿನ ಪೂರ್ವಕ್ಕೆ ಅರವತ್ತು ಮೀಟರ್ ಆಸುಪಾಸಿನಲ್ಲಿ ಲಿಟಲ್ ವೆಸ್ಟ್ ಎಂಬ ಚಿಕ್ಕ ಕುಳಿ ಇರಬೇಕು. ಅಪೊಲೊ 12ರದ್ದು ಇನ್ನೂರು ಮೀಟರ್ ಅಗಲದ ಸರ್ವೇಯರ್ ಕುಳಿಯ ವಾಯವ್ಯ ಅಂಚಿನಲ್ಲಿ ಇರಬೇಕು. ನಿಮ್ಮ ನೆಲದ ಚಿತ್ರ ಅಷ್ಟು ಸೂಕ್ಷ್ಮವಾಗಿಲ್ಲದಿದ್ದರೆ ದೊಡ್ಡ ಕುಳಿಗಳನ್ನು ಹಿಡಿದು ಅಳೆಯಿರಿ. ಇಳಿದ ಹೊತ್ತಿನ ಸೂರ್ಯನ ಎತ್ತರ ನೋಡಿ ಜಾಗ ಪರೀಕ್ಷಿಸುತ್ತೇವೆ ಎನ್ನುವವರಿಗೆ ಒಂದು ಮಾತು: ಚಂದ್ರನಲ್ಲಿ ಸೂರ್ಯ ಗಂಟೆಗೆ ಅರ್ಧ ಡಿಗ್ರಿ ಮಾತ್ರ ಏರುತ್ತಾನೆ, ಒಂದು ಕಿಲೋಮೀಟರು ಸರಿದರೆ ವ್ಯತ್ಯಾಸವಾಗುವುದು 0.03 ಡಿಗ್ರಿ. ನೆರಳಿಗೆ ಈ ತಪ್ಪು ಕಾಣದು.

ಇದೊಂದು ಹವ್ಯಾಸ, ಕಿಲೋಮೀಟರಿನ ತಪ್ಪನ್ನು ಯಾರು ಗಮನಿಸುತ್ತಾರೆ ಎಂಬ ಮಾತು ಬಂದೇ ಬರುತ್ತದೆ. ಮಂಗಳಕ್ಕೆ ಹೋಗುವ ದಾರಿಯಲ್ಲಿ ಚಂದ್ರನನ್ನು ಬಳಸಿ ಹೋಗುವವರು ಗಮನಿಸುವುದಿಲ್ಲ, ನಿಜ. ಆದರೆ ಅಪೊಲೊ 15ರ ಇಳಿಯುವಿಕೆಯನ್ನು ಮರುಸೃಷ್ಟಿಸುವವರನ್ನು ಕೇಳಿ. ಅಲ್ಲಿ ಲ್ಯಾಂಡರಿನ ಪಶ್ಚಿಮಕ್ಕೆ ಎರಡು ಕಿಲೋಮೀಟರ್ ಆಸುಪಾಸಿನಲ್ಲಿ ಹ್ಯಾಡ್ಲಿ ಕಂದರ: ಒಂದೂವರೆ ಕಿಲೋಮೀಟರ್ ಅಗಲ, ಮುನ್ನೂರು ಮೀಟರಿಗೂ ಮಿಕ್ಕ ಆಳ. ಆ ಅಕ್ಷಾಂಶದಲ್ಲಿ ರೇಖಾಂಶ 0.08 ಡಿಗ್ರಿ ತಪ್ಪಿದರೆ ಸಾಕು, ನೌಕೆ ಕಂದರದ ಇಳಿಜಾರಿನಲ್ಲಿ ಮಗುಚುತ್ತದೆ. ಅಪೊಲೊ 12ರಲ್ಲಿಯಂತೂ ಯಾನದ ಉದ್ದೇಶವೇ ನಿಖರ ಇಳಿಯುವಿಕೆ; 160 ಮೀಟರಿನ ಸಾಧನೆಯನ್ನು ಒಂದು ಕಿಲೋಮೀಟರಿನ ತಪ್ಪಿರುವ ನೆಲದ ಮೇಲೆ ಮರುಸೃಷ್ಟಿಸುವುದೆಂದರೆ ಏನರ್ಥ? ಅಪೊಲೊ ಗಣಕದ ಮೂಲ ತಂತ್ರಾಂಶವನ್ನೇ ಓಡಿಸುವ ಆಡ್‌-ಆನ್ ನಿಮ್ಮ ನಡುವೆಯೇ ಇದೆ. ನೌನ್ 69 ಒತ್ತಿ ಇಳಿಯುವ ಗುರಿಯನ್ನು ಹಾರಾಟದ ನಡುವೆ ತಿದ್ದಿದ ಕ್ಷಣವನ್ನು ಅಷ್ಟು ಶ್ರದ್ಧೆಯಿಂದ ಕಟ್ಟಿದವರು, ಆ ತಿದ್ದುಪಡಿಗೆ ಅರ್ಥ ಕೊಡುವ ನೆಲದ ಬಗ್ಗೆ ಉದಾಸೀನ ಮಾಡಿದರೆ ಹೇಗೆ?

ಇದಕ್ಕಿಂತ ತೂಕದ ಆಕ್ಷೇಪಣೆ ಹಳೆಯ ಸಿನೇರಿಯೊಗಳದ್ದು. ಆರ್ಬಿಟರ್ ಉಳಿಸಿಡುವ ಸಿನೇರಿಯೊ ಫೈಲಿನಲ್ಲಿ ಇಳಿದು ನಿಂತ ನೌಕೆಯ ರೇಖಾಂಶ ಅಕ್ಷಾಂಶವೂ ಬರೆದಿರುತ್ತದೆ. ನೆಲೆಯನ್ನು ಸರಿಸಿದರೆ ವರ್ಷಗಳಿಂದ ಜನ ಕೂಡಿಟ್ಟ ನೌಕೆಗಳು ನೆಲೆಯ ಹೊರಗೆ, ಕಟ್ಟಡದ ಒಳಗೆ, ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತವೆ. ಈ ಭಯಕ್ಕೆ ಆಧಾರವಿದೆ, ತಳ್ಳಿಹಾಕುವಂತಿಲ್ಲ. ಆದರೆ ಅದರ ವ್ಯಾಪ್ತಿ ಕಂಡಷ್ಟು ದೊಡ್ಡದಲ್ಲ. ಆರ್ಬಿಟರ್ ಚಂದ್ರನ ಮೇಲೆ ಹೆಚ್ಚು ಜನ ಇಳಿಯುವ ಬ್ರೈಟನ್ ಬೀಚ್ ನೆಲೆಯನ್ನೇ ತೆಗೆದುಕೊಳ್ಳಿ: ಅದು ಕಲ್ಪನೆಯದು, 33.4 ಪಶ್ಚಿಮ, 41.1 ಉತ್ತರದಲ್ಲಿದೆ; ಅದನ್ನು ಕಟ್ಟಿದವರು ಎಲ್ಲಿಟ್ಟರೋ ಅದೇ ಅದರ ಸರಿಯಾದ ಜಾಗ. ಕಲ್ಪನೆಯ ನೆಲೆಗೆ ತಪ್ಪು ಎಂಬುದೇ ಇಲ್ಲ, ಅದನ್ನು ಮುಟ್ಟುವುದೂ ಬೇಡ. ತಿದ್ದಬೇಕಿರುವುದು ನಿಜವಾಗಿ ನಡೆದ ಘಟನೆಗಳ ಜಾಗಗಳನ್ನು ಮಾತ್ರ. ಅಲ್ಲೂ ಹಳೆಯ ಗುರುತಿನ ಫೈಲನ್ನು ಅಳಿಸದೆ, ಹೊಸದನ್ನು ಬೇರೆ ಹೆಸರಿನಲ್ಲಿ ಕೊಟ್ಟು, ಯಾವುದನ್ನು ಆರಿಸಬೇಕು ಎಂಬುದನ್ನು ಬಳಸುವವರಿಗೆ ಬಿಡಬಹುದು. ಎರಡು ಪಟ್ಟಿ ಇಟ್ಟುಕೊಳ್ಳುವ ಕಿರಿಕಿರಿ ಒಂದೆರಡು ವರ್ಷದ್ದು. ತಪ್ಪು ಪಟ್ಟಿಯಿಂದ ಹೊಸ ಹೊಸ ಸಿನೇರಿಯೊ ಹುಟ್ಟುವುದಕ್ಕೆ ಅಂಥ ಕೊನೆಯಿಲ್ಲ.

ಇತಿಹಾಸಪ್ರಿಯರ ಆಕ್ಷೇಪಣೆಗೆ ನಾನು ಅರ್ಧ ಒಪ್ಪುತ್ತೇನೆ. 1969ರ ಯಾನವನ್ನು 1969ರ ಅಂಕಿಗಳಿಂದಲೇ ಹಾರಿಸಬೇಕು, ಗಣಕಕ್ಕೆ ಅಂದು ತುಂಬಿದ್ದೇ ಇಂದೂ ಹೋಗಬೇಕು ಎನ್ನುತ್ತಾರೆ ಅವರು. ಹಾರಾಟದ ಮಟ್ಟಿಗೆ ಇದು ಸರಿ. ಆಗಿನ ಮಾರ್ಗದರ್ಶಕರ ಅಜ್ಞಾನವೂ ಆ ಯಾನದ ಭಾಗವೇ. ನೆಲದಡಿ ಹುದುಗಿದ ದಟ್ಟ ರಾಶಿಗಳು ಕಕ್ಷೆಯನ್ನು ಎಳೆದಾಡುತ್ತಿದ್ದದ್ದು, ಬೇರ್ಪಡುವಾಗ ಎರಡು ನೌಕೆಗಳ ನಡುವಿನ ಸುರಂಗದಲ್ಲಿ ಉಳಿದ ಗಾಳಿ ನೌಕೆಗೆ ಒಂದು ಸಣ್ಣ ನೂಕು ಕೊಟ್ಟದ್ದು, ನಕ್ಷೆಯ ಜಾಲ ಸರಿದಿದ್ದದ್ದು, ಇವೆಲ್ಲ ಸೇರಿಯೇ ಈಗಲ್ ಗುರಿ ದಾಟಿ ಹೋದದ್ದು. ಆದರೆ ಗಣಕಕ್ಕೆ ತುಂಬುವ ಅಂಕಿ ಬೇರೆ, ನೆಲದ ಮೇಲೆ ನೆಡುವ ಗುರುತು ಬೇರೆ. ನೆಲವನ್ನೇ ಅಂದಿನ ಅಂಕಿಗೆ ಒಗ್ಗಿಸಿದರೆ ಆ ಅಜ್ಞಾನ ಮಾಯವಾಗುತ್ತದೆ, ಕಾಲಿನ್ಸ್ ಮೊದಲ ಸುತ್ತಿನಲ್ಲೇ ಈಗಲನ್ನು ಕಂಡುಬಿಡುತ್ತಾರೆ! ಆಗಿನ ತಪ್ಪು ತಪ್ಪಾಗಿ ಕಾಣಬೇಕಾದರೆ ನೆಲ ಸರಿಯಿರಲೇಬೇಕು. ಆದ್ದರಿಂದ ಗುರಿಯಿಟ್ಟ ಜಾಗ ಮತ್ತು ಇಳಿದ ಜಾಗ ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಇಡಿ. ಒಂದರ ಅಂಕಿಯನ್ನು ಇನ್ನೊಂದರ ಹೆಸರಿಗೆ ಅಂಟಿಸಬೇಡಿ.

ಈ ಬೆರಕೆ ನಮ್ಮ ಯಾನಗಳಲ್ಲೂ ಆಗುತ್ತದೆ. ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರದಿಂದ ನಡೆಸಿದ ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23ರಂದು, ಸುಮಾರು 69.373 ದಕ್ಷಿಣ, 32.319 ಪೂರ್ವದಲ್ಲಿ. ಮೊದಲೇ ಆರಿಸಿದ್ದ ಗುರಿಯ ರೇಖಾಂಶ 32.348. ಕಾಗದದ ಮೇಲೆ 0.029 ಡಿಗ್ರಿ ವ್ಯತ್ಯಾಸ. ಮಧ್ಯರೇಖೆಯಲ್ಲಾದರೆ ಸುಮಾರು 880 ಮೀಟರ್. ಆದರೆ ಅಷ್ಟು ದಕ್ಷಿಣದಲ್ಲಿ ರೇಖಾಂಶದ ಒಂದು ಡಿಗ್ರಿ 10.7 ಕಿಲೋಮೀಟರಿಗೆ ಕುಗ್ಗಿರುತ್ತದೆ, ಹಾಗಾಗಿ ಪೂರ್ವ ಪಶ್ಚಿಮದ ನಿಜವಾದ ಅಂತರ ಮುನ್ನೂರು ಮೀಟರ್ ಆಸುಪಾಸು. ಧ್ರುವದ ಕಡೆಯ ಗುರುತುಗಳನ್ನು ಪರಿಶೀಲಿಸುವಾಗ ಡಿಗ್ರಿಯಲ್ಲಿ ಮಾತಾಡದೆ ಮೀಟರಿನಲ್ಲಿ ಮಾತಾಡಿ ಎಂದು ಕೇಳುವುದು ಇದಕ್ಕೇ. 2024ರ ಮಾರ್ಚ್‌ನಲ್ಲಿ ಖಗೋಳ ಒಕ್ಕೂಟ ಚಂದ್ರಯಾನ-3 ಇಳಿದ ಜಾಗಕ್ಕೆ ಸ್ಟಾಶಿಯೊ ಶಿವ ಶಕ್ತಿ ಎಂಬ ಹೆಸರನ್ನು ಮಾನ್ಯ ಮಾಡಿದೆ. ಗುರುತಿಗೆ ಆ ಹೆಸರಿಡುವವರು ಇಳಿದ ಜಾಗದ ಅಂಕಿಯನ್ನೇ ಹಾಕಬೇಕು. ಚಂದ್ರಯಾನ-2ರ ವಿಕ್ರಮ್ ವಿಷಯದಲ್ಲೂ ಹೀಗೆಯೇ. 2019ರ ಸೆಪ್ಟೆಂಬರ್‌ನಲ್ಲಿ ಅಪ್ಪಳಿಸಿದ ಅದರ ಚೂರನ್ನು ಮೊದಲು ಗುರುತಿಸಿದವರು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್, ಎಲ್ಆರ್‌ಒದ ಹಳೆಯ ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆ ಚೂರು ಮುಖ್ಯ ಅಪ್ಪಳಿಕೆಯ ಜಾಗದಿಂದ ಸುಮಾರು 750 ಮೀಟರ್ ವಾಯವ್ಯಕ್ಕಿತ್ತು. ನಾನು ನಿಮ್ಮಲ್ಲಿ ಕೇಳುತ್ತಿರುವ ಕೆಲಸ ಅವರು ಮಾಡಿದ್ದಕ್ಕಿಂತ ಎಷ್ಟೋ ಸುಲಭದ್ದು. ಇನ್ನು 2008ರ ನವೆಂಬರ್ 14ರಂದು ಶ್ಯಾಕಲ್ಟನ್ ಕುಳಿಯ ಬಳಿ ಬಿದ್ದ ಚಂದ್ರಯಾನ-1ರ ತನಿಖಾ ನೌಕೆಗೆ ಮೂರು ದಶಮಾಂಶದ ಚುಕ್ಕೆ ಹಾಕುವುದು ಅತಿಯಾಯಿತು. ಅಂಥಲ್ಲಿ ಚುಕ್ಕೆಯ ಬದಲು ಹೆಸರಿನ ಪಕ್ಕ ಅಂದಾಜು ಎಂದು ಬರೆದರೆ ಸಾಕು.

ವಿಜ್ಞಾನಿಗಳೇ ಅಂಕಿ ಬದಲಿಸುತ್ತ ಹೋಗುವಾಗ ಇವತ್ತು ತಿದ್ದಿದ್ದು ನಾಳೆ ಮತ್ತೆ ತಪ್ಪಾಗುವುದಿಲ್ಲವೇ ಎನ್ನುವವರು ಬದಲಾವಣೆಯ ಗಾತ್ರ ನೋಡಬೇಕು. ಅಪೊಲೊ 11ಕ್ಕೆ 1969ರ ಅಂಕಿಗೂ ಇಂದಿನದಕ್ಕೂ ಕಿಲೋಮೀಟರಿಗೂ ಮಿಕ್ಕ ಅಂತರ. 2000ದಲ್ಲಿ ಡೇವಿಸ್ ಮತ್ತು ಕೋಲ್ವಿನ್ ಕೊಟ್ಟದ್ದು 0.67408 ಉತ್ತರ, 23.47297 ಪೂರ್ವ, ಎಲ್ಆರ್‌ಒ ಅಂಕಿಗೂ ಅದಕ್ಕೂ ಐದಾರು ಮೀಟರ್. ಅಪೊಲೊ 11, 14, 15 ಮತ್ತು ಎರಡು ಲುನೋಖೋದ್‌ಗಳ ಪ್ರತಿಫಲಕಗಳಿಗೆ ಭೂಮಿಯಿಂದ ಲೇಸರ್ ಹೊಡೆಯುತ್ತಲೇ ಇದ್ದಾರೆ, ಆ ಐದು ಬಿಂದುಗಳೇ ಚಂದ್ರನ ಇಡೀ ಜಾಲಕ್ಕೆ ಮೊಳೆ ಹೊಡೆದಂತಿವೆ. 2023ರ ಡಿಸೆಂಬರ್ 12ರಂದು ಎಲ್ಆರ್‌ಒದ ಲೇಸರ್ ಚಂದ್ರಯಾನ-3ರ ವಿಕ್ರಮ್ ಮೇಲಿನ ಪುಟ್ಟ ಪ್ರತಿಫಲಕಕ್ಕೂ ತಾಗಿ ಮರಳಿತು. ದಕ್ಷಿಣದಲ್ಲಿ ಹೀಗೆ ಹೊಸದೊಂದು ಮೊಳೆ ಸಿಕ್ಕಿದೆ. ಮುಂದಿನ ತಿದ್ದುಪಡಿಗಳು ನಿಮ್ಮ ನೆಲದ ಚಿತ್ರದ ಒಂದು ಚೌಕಕ್ಕಿಂತ ಸಣ್ಣವು. ಹಾಗೂ ಬದಲಾದರೆ ಏನನ್ನು ಬದಲಿಸಬೇಕೆಂದು ತಿಳಿಯಲು ಪ್ರತಿ ಗುರುತಿನ ಪಕ್ಕ ಒಂದು ಸಾಲು ಬೇಕು: ಯಾವ ಆಕರದಿಂದ ಬಂತು, ಯಾವ ಚೌಕಟ್ಟಿನದು, ಎಷ್ಟು ಮೀಟರಿನವರೆಗೆ ನಂಬಬಹುದು. ಆ ಸಾಲಿಲ್ಲದ ಸರಿಯಾದ ಅಂಕಿಗಿಂತ ಆ ಸಾಲಿರುವ ಹಳೆಯ ಅಂಕಿಯೇ ನನ್ನ ದೃಷ್ಟಿಯಲ್ಲಿ ಮೇಲು, ಏಕೆಂದರೆ ಎರಡನೆಯದನ್ನು ಯಾರು ಬೇಕಾದರೂ ತಿದ್ದಬಹುದು.

ಕುಳಿ, ಸಮುದ್ರ, ಬೆಟ್ಟಗಳ ಹೆಸರುಗಳ ಬಗ್ಗೆ ಹೆಚ್ಚು ಹೇಳಲಾರೆ. ಖಗೋಳ ಒಕ್ಕೂಟದ ಹೆಸರುಗಳ ಪಟ್ಟಿಯಲ್ಲಿರುವುದು ಅವುಗಳ ನಡುಬಿಂದು. ಟೈಕೊಗೆ 43.3 ದಕ್ಷಿಣ, 11.4 ಪಶ್ಚಿಮ ಎಂದರೆ 85 ಕಿಲೋಮೀಟರ್ ಅಗಲದ ಕುಳಿಯ ಮಧ್ಯ. ಅದನ್ನು ಅದರ ನಡುಶಿಖರದ ತುದಿಯೆಂದು ತಿಳಿದು ಕಕ್ಷೆಯಿಂದ ಗುರಿಯಿಡಬೇಡಿ. ಸಾವಿರಾರು ಕಿಲೋಮೀಟರು ಹರಡಿದ ಓಶಿಯಾನಸ್ ಪ್ರೊಸೆಲ್ಲಾರಮ್‌ಗೆ ಒಂದು ದಶಮಾಂಶವೂ ಹೆಚ್ಚೇ. ಇವು ಓದುವ ಹೆಸರುಗಳು, ಅಳೆಯುವ ಗುರುತುಗಳಲ್ಲ. ಎರಡನ್ನೂ ಬೇರೆ ಫೈಲುಗಳಲ್ಲಿಡುವುದು ಒಳ್ಳೆಯದು.

ಕೆಲಸವನ್ನು ಎಲ್ಲಿಂದ ಹಿಡಿಯಬೇಕು ಎಂದು ಕೇಳಿದರೆ, ಅಪೊಲೊದ ಆರು ಜಾಗಗಳಿಂದ. ಅವುಗಳಲ್ಲಿ ಅಪೊಲೊ 15ರಿಂದ. ಮಟ್ಟಸವಾದ ಬಯಲಿನಲ್ಲಿ ಗುರುತು ಸರಿಯಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಸಣ್ಣ ಕುಳಿಗಳು ಕಾಣುವ ಚಿತ್ರ ಬೇಕಾಗುತ್ತದೆ, ಅದು ಎಲ್ಲರ ಗಣಕದಲ್ಲೂ ಇರುವುದಿಲ್ಲ. ಹ್ಯಾಡ್ಲಿಯಲ್ಲಿ ಹಾಗಲ್ಲ, ಪಶ್ಚಿಮಕ್ಕೆ ಕಂದರ, ಪೂರ್ವಕ್ಕೂ ದಕ್ಷಿಣಕ್ಕೂ ಬೆಟ್ಟ, ಸಾಧಾರಣ ನೆಲದ ಮಾಹಿತಿಯಲ್ಲೂ ಇವು ಎದ್ದು ಕಾಣುತ್ತವೆ. ರೇಖಾಂಶ 3.63386, ಅಕ್ಷಾಂಶ 26.13222 ಎಂದು ಈ ಕ್ರಮದಲ್ಲಿಯೇ ತುಂಬಿ, ಗುರುತಿನಿಂದ ಕಂದರದ ಅಂಚಿಗೆ ಇರುವ ದೂರ ಅಳೆಯಿರಿ. ಎರಡು ಕಿಲೋಮೀಟರಿನ ಹತ್ತಿರ ಬಂದರೆ ನಿಮ್ಮ ನೆಲವೂ ಅಂಕಿಯೂ ಒಂದೇ ಚೌಕಟ್ಟಿನವು, ಉಳಿದ ಐದನ್ನು ಧೈರ್ಯವಾಗಿ ತುಂಬಬಹುದು. ಬರದಿದ್ದರೆ ಗುರುತನ್ನು ಮುಟ್ಟಬೇಡಿ. ನೆಲದ ಚಿತ್ರ ಯಾವ ಚೌಕಟ್ಟಿನಲ್ಲಿ ತಯಾರಾಯಿತು ಎಂದು ಅದನ್ನು ಸಿದ್ಧಪಡಿಸಿದವರನ್ನು ಮೊದಲು ಕೇಳಿ.

ಇತಿ,
ನಿಮ್ಮ ಆಡ್‌-ಆನ್‌ಗಳ ಬಳಕೆದಾರರಲ್ಲೊಬ್ಬ